ಮಣ್ಣಿಲ್ಲದ ಕುಂಡ

ಆರ್ಕಿಡ್ ಕುಂಡದಲ್ಲಿ ಸಾಮಾನ್ಯವಾಗಿ ಮಣ್ಣು ಇರುವುದಿಲ್ಲ. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಮಟ್ಟೆಯ ತುಂಡು, ಮರದ ತೊಗಟೆ, ಒಣಪಾಚಿ ಇವುಗಳಲ್ಲಿ ಯಾವುದಾದರೂ ಒಂದು, ಇಲ್ಲವೇ ಎರಡು ಮೂರರ ಬೆರಕೆ ಇರುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಮಾಧ್ಯಮ ಎಂಬ ಹೆಸರು. ನರ್ಸರಿಯವರ ಬಾಯಲ್ಲಿ ಬರೀ ಮೀಡಿಯಾ. ಯಾವ ಮಾಧ್ಯಮ ಒಳ್ಳೆಯದು ಎಂದು ಕೇಳಿದರೆ ಮಡಿಕೇರಿಯ ಬೆಳೆಗಾರರು ಒಂದು ಹೇಳುತ್ತಾರೆ, ಬೆಂಗಳೂರಿನವರು ಇನ್ನೊಂದು, ಕೊಳ್ಳೇಗಾಲದವರು ಮತ್ತೊಂದು. ಮೂವರ ಮಾತೂ ಅವರವರ ಊರಿನ ಮಟ್ಟಿಗೆ ಸರಿಯಾಗಿರುತ್ತದೆ. ಮಾಧ್ಯಮ ಗಿಡಕ್ಕೆ ಊಟ ಬಡಿಸುವುದಿಲ್ಲ. ಗಿಡ ಬೀಳದಂತೆ ಹಿಡಿದುಕೊಳ್ಳುವುದು ಒಂದು ಕೆಲಸ. ಬೇರು ಎಷ್ಟು ಹೊತ್ತು ಒದ್ದೆಯಾಗಿರಬೇಕು, ಎಷ್ಟು ಹೊತ್ತಿಗೆ ಒಣಗಬೇಕು ಎಂಬುದನ್ನು ತೀರ್ಮಾನಿಸುವುದು ಇನ್ನೊಂದು, ದೊಡ್ಡ ಕೆಲಸ. ಒಣಗುವ ಹೊತ್ತು ಊರಿನ ಗಾಳಿ, ನೀರು, ಬಿಸಿಲುಗಳ ಮೇಲೆ ನಿಂತಿರುವುದರಿಂದ ಎಲ್ಲ ಊರಿಗೂ ಸಲ್ಲುವ ಮಾಧ್ಯಮ ಎಂಬುದಿಲ್ಲ.

ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನಲ್ಲಿ ಈ ಮಾತು ಕಣ್ಣಿಗೆ ಕಾಣುವಂತಿದೆ. ತಾಲ್ಲೂಕಿನ ಮಾಂಬಳ್ಳಿ ಬಯಲಿನ ಊರು. ಸುತ್ತ ಗದ್ದೆ, ತೆಂಗಿನ ತೋಟ, ಹಿಪ್ಪುನೇರಳೆ. ಆರೇಳು ನೂರು ಮೀಟರ್ ಎತ್ತರದ ಈ ಬಯಲಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು ಏಳೆಂಟು ನೂರು ಮಿಲಿಮೀಟರ್. ಅದರಲ್ಲಿ ಬಹುಪಾಲು ಮೇ ತಿಂಗಳ ಗುಡುಗು ಮಳೆ ಮತ್ತು ಸೆಪ್ಟೆಂಬರ್–ಅಕ್ಟೋಬರಿನ ಹಿಂಗಾರು. ಜನವರಿಯಿಂದ ಮಾರ್ಚಿನವರೆಗೆ ಹನಿ ಬಿದ್ದರೆ ಹೆಚ್ಚು. ಪೂರ್ವಕ್ಕೆ ಕಣ್ಣೆತ್ತಿದರೆ ಬಿಳಿಗಿರಿರಂಗನ ಬೆಟ್ಟ. ಯಳಂದೂರಿನಿಂದ ಬೆಟ್ಟಕ್ಕೆ ಒಂದು ಗಂಟೆಯ ದಾರಿಯೂ ಇಲ್ಲ. ಅಷ್ಟರಲ್ಲಿ ಕುರುಚಲು ಕಾಡು ಹೋಗಿ ಎಲೆಯುದುರುವ ಕಾಡು, ಅದೂ ಹೋಗಿ ನಿತ್ಯಹಸಿರು ಮರಗಳು, ಶೋಲಾ ಕಾಡು ಮತ್ತು ಹುಲ್ಲುಗಾವಲು ಬರುತ್ತವೆ. ಎತ್ತರದ ಕಟ್ಟಾರಿ ಬೆಟ್ಟ 1,800 ಮೀಟರ್ ಮುಟ್ಟುತ್ತದೆ. ಮೇಲಿನ ಕೆಲವು ಕಡೆ ಬಯಲಿನ ದುಪ್ಪಟ್ಟಿಗೂ ಮೀರಿದ ಮಳೆ, ಜೊತೆಗೆ ಬೆಳಗಿನ ಮಂಜು. 1974ರಲ್ಲಿ ವನ್ಯಧಾಮವೆಂದೂ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಣೆಯಾದ ಈ ಕಾಡಿನ ಮರಗಳ ಮೇಲೆ ಹಲವು ಬಗೆಯ ಆರ್ಕಿಡ್‌ಗಳು ಮಣ್ಣಿನ ಸೋಂಕಿಲ್ಲದೆ ಬದುಕಿವೆ. ಕನ್ನಡದಲ್ಲಿ ಇವಕ್ಕೆ ಸೀತಾಳೆ ಎಂಬ ಹೆಸರು ಬಳಕೆಯಲ್ಲಿದೆ.

ಅವುಗಳಲ್ಲಿ ಸೀತೆದಂಡೆಯನ್ನು ಗುರುತಿಸುವುದು ಸುಲಭ. ಸಸ್ಯಶಾಸ್ತ್ರದಲ್ಲಿ ರಿಂಕೋಸ್ಟೈಲಿಸ್ ರೆಟ್ಯೂಸ. ಮೇ–ಜೂನ್ ಹೊತ್ತಿಗೆ ಬಿಳಿಯ ಮೇಲೆ ನೇರಳೆ ಚುಕ್ಕೆ ಇರುವ ನೂರಾರು ಹೂಗಳ ಗೊಂಚಲು ಕೊಂಬೆಯಿಂದ ಕೆಳಕ್ಕೆ ಇಳಿಬೀಳುತ್ತದೆ. ಅಸ್ಸಾಮಿನಲ್ಲಿ ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಯುವ ಕೊಪೌ ಹೂ ಇದೇ. ಗಿಡ ಕಚ್ಚಿಕೊಂಡಿರುವ ಜಾಗವನ್ನು ಹತ್ತಿರದಿಂದ ನೋಡಿದರೆ ಪೆನ್ಸಿಲಿನಷ್ಟು ದಪ್ಪದ ಬೂದುಬಿಳಿ ಬೇರುಗಳು ತೊಗಟೆಯ ಬಿರುಕುಗಳ ಉದ್ದಕ್ಕೂ ಹರಿದಿರುತ್ತವೆ. ಕೆಲವು ಎಲ್ಲಿಗೂ ಅಂಟದೆ ಗಾಳಿಯಲ್ಲಿ ನೇತಾಡುತ್ತಿರುತ್ತವೆ. ಬೇರಿನ ಸುತ್ತ ಇರುವುದು ಒಂದಿಷ್ಟು ಪಾಚಿ, ಕೊಳೆತ ಎಲೆಚೂರು, ಇರುವೆ ತಂದಿಟ್ಟ ಮಣ್ಣಿನ ಕಣ, ಅಷ್ಟೇ. ಮರದ ಮೇಲೆ ಬೆಳೆಯುತ್ತದೆ ಎಂಬ ಒಂದೇ ಕಾರಣಕ್ಕೆ ಇದನ್ನು ಬಂದಣಿಕೆಯ ಜಾತಿಗೆ ಸೇರಿಸುವವರು ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಬಂದಣಿಕೆ ಮರದೊಳಕ್ಕೆ ಬೇರು ಚುಚ್ಚಿ ರಸ ಹೀರುತ್ತದೆ. ಸೀತೆದಂಡೆಯ ಬೇರು ತೊಗಟೆಯನ್ನು ದಾಟಿ ಒಳಗೆ ಹೋಗುವುದೇ ಇಲ್ಲ. ಮರ ಅದಕ್ಕೆ ನಿಲ್ಲುವ ಜಾಗ ಮಾತ್ರ.

ಬೇರಿನ ಬಿಳಿಬಣ್ಣದ ಹೊರಪದರಕ್ಕೆ ವೆಲಾಮೆನ್ ಎಂದು ಹೆಸರು. ಬಲಿತ ವೆಲಾಮೆನ್‌ನ ಜೀವಕೋಶಗಳು ಸತ್ತು ಟೊಳ್ಳಾಗಿರುತ್ತವೆ. ಆ ಟೊಳ್ಳುಗಳಲ್ಲಿ ಗಾಳಿ ತುಂಬಿರುವುದರಿಂದಲೇ ಬೇರು ಬೆಳ್ಳಗೆ ಹೊಳೆಯುವುದು. ಒಣಗಿದ ಬೇರಿನ ಮೇಲೆ ನೀರು ಚಿಮುಕಿಸಿ ನೋಡುತ್ತಿದ್ದರೆ ನಿಮಿಷದೊಳಗೆ ಬಿಳುಪು ಮಾಯವಾಗಿ ಹಸಿರು ಮೂಡುತ್ತದೆ. ಟೊಳ್ಳುಗಳಿಗೆ ನೀರು ತುಂಬಿ ಪದರ ಪಾರದರ್ಶಕವಾಗುತ್ತದೆ, ಕೆಳಗಿರುವ ಹಸಿರು ಅಂಗಾಂಶ ಕಾಣಿಸುತ್ತದೆ. ಅಂದರೆ ಈ ಬೇರು ಎಲೆಯ ಕೆಲಸವನ್ನೂ ಒಂದಿಷ್ಟು ಮಾಡುತ್ತದೆ. ಮಳೆಯ ಮೊದಲ ಹನಿಗಳು ಮರದ ಎಲೆ ತೊಗಟೆಗಳನ್ನು ತೊಳೆದು ತರುವ ಅಲ್ಪಸ್ವಲ್ಪ ಲವಣವನ್ನು ಹಿಡಿದಿಟ್ಟುಕೊಂಡು, ಒಳಗಿನ ಜೀವಂತ ಪದರಕ್ಕೆ ನಿಧಾನವಾಗಿ ದಾಟಿಸುವುದು ವೆಲಾಮೆನ್‌ನ ಕೆಲಸ. ತುಂಬಿಕೊಳ್ಳಲು ಕ್ಷಣ ಸಾಕು, ಒಣಗಲು ಗಂಟೆಗಳು ಬೇಕು. ಇಷ್ಟು ಚುರುಕಾಗಿ ನೀರು ಹಿಡಿಯುವ ಬೇರಿಗೆ ಇಪ್ಪತ್ತನಾಲ್ಕು ಗಂಟೆಯೂ ನೀರು ಸುತ್ತುವರಿದಿರಬೇಕಾಗಿಲ್ಲ. ಇದ್ದರೆ ಕೇಡು: ಆಮ್ಲಜನಕ ಗಾಳಿಯಲ್ಲಿ ಚಲಿಸುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಚಲಿಸುತ್ತದೆ. ಸದಾ ನೆಂದ ಮಾಧ್ಯಮದಲ್ಲಿ ಒಳಗಿನ ಜೀವಕೋಶಗಳಿಗೆ ಉಸಿರು ಕಟ್ಟುತ್ತದೆ, ಶಿಲೀಂಧ್ರ ನುಗ್ಗುತ್ತದೆ. ಹೊರಪದರ ಕೊಳೆತು ನಡುವಿನ ದಾರದಂಥ ನಾರು ಮಾತ್ರ ಉಳಿಯುತ್ತದೆ. ಬೇರು ಹೋದ ಗಿಡದ ಎಲೆ ನೀರಿಲ್ಲದೆ ಸುಕ್ಕಾಗುತ್ತದೆ. ಅದನ್ನು ಕಂಡ ಬೆಳೆಗಾರ ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರು ಹೊಯ್ಯುತ್ತಾನೆ. ಮನೆಗಳಲ್ಲಿ ಸಾಯುವ ಆರ್ಕಿಡ್‌ಗಳಲ್ಲಿ ಬಹುಪಾಲು ಹೀಗೇ ಸಾಯುತ್ತವೆ.

ಯುರೋಪಿನವರು ಇದನ್ನು ಕಲಿಯಲು ಬಹಳ ಗಿಡಗಳನ್ನು ಕೊಂದರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಉಷ್ಣವಲಯದ ಆರ್ಕಿಡ್‌ಗಳು ಇಂಗ್ಲೆಂಡಿಗೆ ಹಡಗುಗಟ್ಟಲೆ ಹೋದವು. ಉಷ್ಣವಲಯವೆಂದರೆ ಸೆಕೆ ಮತ್ತು ತೇವ ಎಂದು ಭಾವಿಸಿ, ಗಾಳಿಯಾಡದ ಬಿಸಿ ಗಾಜಿನಮನೆಗಳಲ್ಲಿ, ಗೊಬ್ಬರದಂಥ ಮಣ್ಣಿನಲ್ಲಿ ನೆಟ್ಟು ಅವನ್ನು ಕೊಳೆಸಿದರು. ಚಾಟ್ಸ್‌ವರ್ತ್ ಅರಮನೆಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಗಾಜಿನಮನೆಗೆ ಗಾಳಿ ಬಿಟ್ಟು, ಒಂದೊಂದು ಜಾತಿ ಬಂದ ಕಡೆಯ ಹವೆಯನ್ನು ವಿಚಾರಿಸಿ ಬೆಳೆಸತೊಡಗಿದ ಮೇಲೆ ಗಿಡಗಳು ಉಳಿದವು. ಅವನ ಸಹಾಯಕ ಜಾನ್ ಗಿಬ್ಸನ್ 1835ರಲ್ಲಿ ಭಾರತಕ್ಕೆ ಹೊರಟು ಖಾಸಿ ಬೆಟ್ಟಗಳಿಂದ ಆರ್ಕಿಡ್‌ಗಳನ್ನು ಒಯ್ದದ್ದು ಈ ಕಥೆಯ ಭಾಗವೇ. ಆಮೇಲೆ ಬಹುಕಾಲ ಆಸ್ಮಂಡ ಎಂಬ ಜರೀಗಿಡದ ಬೇರಿನ ನಾರು ಮೆಚ್ಚಿನ ಮಾಧ್ಯಮವಾಗಿತ್ತು. ಅದು ದುಬಾರಿಯಾದಾಗ, ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಅಮೆರಿಕದ ಮರದ ಮಿಲ್ಲುಗಳಲ್ಲಿ ಬಿಸಾಡುತ್ತಿದ್ದ ಫರ್ ಮರದ ತೊಗಟೆ ಬಳಕೆಗೆ ಬಂತು. ಮಾಧ್ಯಮಗಳ ಚರಿತ್ರೆಯೆಂದರೆ ಹೆಚ್ಚುಕಡಿಮೆ ಹತ್ತಿರದಲ್ಲಿ ಅಗ್ಗಕ್ಕೆ ಸಿಕ್ಕಿದ ವಸ್ತುಗಳ ಚರಿತ್ರೆ.

ಬೀಜದಿಂದ ಗಿಡ ಮಾಡುವ ಮಾತು ಬೇರೆ. ಆರ್ಕಿಡ್ ಬೀಜ ದೂಳಿನಷ್ಟು ಸಣ್ಣದು. ಅದರೊಳಗೆ ಮೊಳಕೆಗೆ ಬುತ್ತಿಯಾಗುವ ಭ್ರೂಣಾಹಾರ ಇರುವುದಿಲ್ಲ. ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿ ಕನ್ನಡಿಗರಿಗೆ ಲೇಖಕರಾಗಿ ಪರಿಚಿತರು. ಸಸ್ಯವಿಜ್ಞಾನಿಗಳ ನಡುವೆ ಅವರಿಗೆ ಹೆಸರು ತಂದ ಕೆಲಸಗಳಲ್ಲಿ ಆರ್ಕಿಡ್ ಭ್ರೂಣದ ಅಧ್ಯಯನವೂ ಒಂದು. 1949ರಲ್ಲಿ ಪ್ರಕಟವಾದ ಆ ಲೇಖನಗಳನ್ನು ಈಗಲೂ ಉಲ್ಲೇಖಿಸುತ್ತಾರೆ. ಬುತ್ತಿಯಿಲ್ಲದ ಈ ಬೀಜ ಮೊಳೆಯಲು ಒಂದು ಶಿಲೀಂಧ್ರದ ನೆರವು ಬೇಕೆಂದು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡ. ಶಿಲೀಂಧ್ರದ ಬದಲು ಸಕ್ಕರೆ ಕೊಟ್ಟರೂ ಸಾಕೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದ. ಇಂದು ಅಂಗಡಿಗೆ ಬರುವ ಗಿಡಗಳು ಈ ದಾರಿಯಲ್ಲೇ, ಬಾಟಲಿಯೊಳಗಿನ ಅಗರ್ ಮೇಲೆ ಹುಟ್ಟಿದವು ಅಥವಾ ಅಂಗಾಂಶ ಕೃಷಿಯಿಂದ ಬಂದವು. ಬಾಟಲಿಯಿಂದ ಹೊರಬಂದು ಎಲೆಬಿಟ್ಟ ಗಿಡ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಆದ್ದರಿಂದ ಶಿಲೀಂಧ್ರ ಬೆರೆಸಿದ ಮಾಧ್ಯಮವೆಂದು ಹೆಚ್ಚು ಬೆಲೆಗೆ ಮಾರುವ ಚೀಲ ಮನೆಯ ಬೆಳೆಗಾರನಿಗೆ ಅನಗತ್ಯ.

ಕುಂಡದಲ್ಲಿ ನೀರು ನಿಲ್ಲುವುದೂ ಬಸಿಯುವುದೂ ಚೂರುಗಳ ನಡುವಿನ ಸಂದಿಯ ಅಗಲಕ್ಕೆ ಸಂಬಂಧಿಸಿದ್ದು. ಒಂದು ಮಿಲಿಮೀಟರ್ ಅಗಲದ ಕೊಳವೆಯಂಥ ಸಂದಿ ಸುಮಾರು ಮೂರು ಸೆಂಟಿಮೀಟರ್ ಎತ್ತರದ ನೀರನ್ನು ಕೆಳಗಿಳಿಯದಂತೆ ಹಿಡಿದಿಡಬಲ್ಲದು. ಸಂದಿ ಕಾಲು ಮಿಲಿಮೀಟರಿಗೆ ಇಳಿದರೆ ಹಿಡಿಯುವ ಎತ್ತರ ಹನ್ನೆರಡು ಸೆಂಟಿಮೀಟರ್, ಅಂದರೆ ಒಂದು ಸಾಧಾರಣ ಕುಂಡದ ಪೂರ್ತಿ ಎತ್ತರ. ಐದು ಮಿಲಿಮೀಟರ್ ಸಂದಿಯಲ್ಲಿ ಅದು ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಬರೀ ಕೊಕೊಪೀಟ್, ಅಂದರೆ ತೆಂಗಿನ ಮಟ್ಟೆಯ ಪುಡಿ, ತುಂಬಿದ ಕುಂಡ ತಳದಲ್ಲಿ ಎಷ್ಟೇ ತೂತಿದ್ದರೂ ಏಕೆ ಜೌಗಾಗುತ್ತದೆ, ಬೆರಳುಗಾತ್ರದ ಇದ್ದಿಲು ತುಂಬಿದ ಕುಂಡ ಏಕೆ ಆಗುವುದಿಲ್ಲ ಎಂಬುದಕ್ಕೆ ಲೆಕ್ಕ ಇಷ್ಟೇ. ಇದನ್ನು ಪಾತ್ರೆ ಉಜ್ಜುವ ಸ್ಪಂಜಿನಲ್ಲೇ ನೋಡಬಹುದು. ನೆನೆಸಿದ ಸ್ಪಂಜನ್ನು ಮಲಗಿಸಿ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಉದ್ದಕ್ಕೆ ನಿಲ್ಲಿಸಿದರೆ ಮತ್ತೆ ನೀರು ಸುರಿಯುತ್ತದೆ. ಹಿಂಡಿಲ್ಲ, ಒತ್ತಿಲ್ಲ, ಎತ್ತರ ಹೆಚ್ಚಿತು, ಅಷ್ಟೇ. ಹಾಗಾಗಿ ಒಂದೇ ಮಾಧ್ಯಮ ಚಪ್ಪಟೆ ಕುಂಡದಲ್ಲಿ ಹೆಚ್ಚು ತೇವವಾಗಿಯೂ ಎತ್ತರದ ಕುಂಡದಲ್ಲಿ ಮೇಲರ್ಧ ಒಣಗಿಯೂ ಇರುತ್ತದೆ. ಪುಡಿ ಮಾಧ್ಯಮದ ಕೆಳಗೆ ಒಂದು ಪದರ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆಯೂ ಇಲ್ಲಿಗೆ ಬಿದ್ದುಹೋಗುತ್ತದೆ. ಜೌಗು ಪದರ ಜಲ್ಲಿಯ ಮೇಲೆ ನಿಲ್ಲುತ್ತದೆ, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಒಂದು ಮಾಧ್ಯಮದಲ್ಲಿ ಗಾಳಿಗೆ ಎಷ್ಟು ಜಾಗವಿದೆ ಎಂದು ಅಳೆಯಲು ಪ್ರಯೋಗಶಾಲೆ ಬೇಡ. ತೂತುಗಳಿಗೆ ಟೇಪು ಅಂಟಿಸಿದ ಕುಂಡಕ್ಕೆ ಅಂಚಿನವರೆಗೆ ನೀರು ತುಂಬಿ ಅದರ ಒಟ್ಟು ಅಳತೆ ತಿಳಿದುಕೊಳ್ಳಬೇಕು. ಆ ನೀರು ಚೆಲ್ಲಿ, ಹಿಂದಿನ ದಿನ ನೆನೆಸಿದ ಮಾಧ್ಯಮವನ್ನು ತುಂಬಿ, ಅದರ ಮೇಲೆ ಅಂಚು ಮುಟ್ಟುವವರೆಗೆ ನಿಧಾನವಾಗಿ ನೀರು ಹಾಕಬೇಕು. ಟೇಪು ಕಿತ್ತು ಕೆಳಗೆ ಬಸಿದ ನೀರನ್ನು ಅಳೆದರೆ, ನೀರು ಖಾಲಿ ಮಾಡಿದ ಜಾಗವೆಲ್ಲ ಈಗ ಗಾಳಿಯದು. ಮಾಮೂಲಿ ಕುಂಡದ ಮಣ್ಣಿನಲ್ಲಿ ಇದು ಕುಂಡದ ಒಟ್ಟು ಅಳತೆಯ ನೂರಕ್ಕೆ ಹತ್ತರ ಆಸುಪಾಸು ಬರುತ್ತದೆ. ಮರದ ಮೇಲೆ ಬೆಳೆಯುವ ಆರ್ಕಿಡ್‌ಗೆ ಮೂವತ್ತು ನಲವತ್ತಾದರೂ ಬೇಕು. ವಾಂಡ ಜಾತಿಗೆ ಅದೂ ಕಡಿಮೆಯೇ.

ಮಾಂಬಳ್ಳಿಯಂಥ ಊರಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನ ಮಟ್ಟೆ. ಬಲಿತ ಕಾಯಿಯ ಒಣಮಟ್ಟೆಯನ್ನು ಮಚ್ಚಿನಿಂದ ಅರ್ಧ, ಒಂದು ಅಂಗುಲದ ತುಂಡು ಮಾಡಿದರೆ ಅದರಲ್ಲಿ ನಾರೂ ಇರುತ್ತದೆ, ನಾರಿನ ನಡುವಿನ ಮೆತ್ತನೆ ಪುಡಿಯೂ ಇರುತ್ತದೆ. ನಾರು ಗಾಳಿಗೆ ದಾರಿ ಕೊಡುತ್ತದೆ, ಪುಡಿ ನೀರು ಹಿಡಿಯುತ್ತದೆ. ಒಣಗಿದ ಮೇಲೂ ಸುಲಭವಾಗಿ ಮತ್ತೆ ನೆನೆಯುವುದು ಇದರ ದೊಡ್ಡ ಗುಣ. ಇದರ ಕೊರತೆ ಉಪ್ಪು. ತೆಂಗಿನ ಮಟ್ಟೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್ ಸಹಜವಾಗಿಯೇ ಹೆಚ್ಚು. ಆರ್ಕಿಡ್ ಬೇರು ಉಪ್ಪನ್ನು ತಾಳುವುದಿಲ್ಲ. ತುದಿ ಕಪ್ಪಾಗಿ ಬೆಳವಣಿಗೆ ನಿಲ್ಲಿಸುತ್ತದೆ. ತುಂಡುಗಳನ್ನು ತೊಟ್ಟಿಯಲ್ಲಿ ಮುಳುಗಿಸಿ, ದಿನಕ್ಕೊಮ್ಮೆ ನೀರು ಚೆಲ್ಲಿ, ಟೀ ಬಣ್ಣದ ಒಗರು ನೀರು ತಿಳಿಯಾಗುವವರೆಗೆ ಒಂದು ವಾರ ಹೀಗೆ ಮಾಡಬೇಕು. ಹಿತ್ತಲಲ್ಲಿ ಒಂದು ಮಳೆಗಾಲ ನೆಂದ ಹಳೆ ಮಟ್ಟೆಗೆ ಇಷ್ಟು ಉಪಚಾರ ಬೇಡ. ಎಳನೀರಿನ ಅಂಗಡಿಯ ಮುಂದೆ ರಾಶಿ ಬೀಳುವ ಹಸಿಬುರುಡೆ ಪುಕ್ಕಟೆ ಸಿಗುತ್ತದೆಂದು ತರುವವರಿದ್ದಾರೆ. ಅದರ ನಾರು ಬಲಿತಿರುವುದಿಲ್ಲ, ಹಸಿ ತಿರುಳು ಬೇಗ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಅದು ಬೇಡ.

ಒಣಮಟ್ಟೆಯೂ ಎರಡು ವರ್ಷಕ್ಕೆ ಮೆತ್ತಗಾಗುತ್ತದೆ. ಅಂಥ ಕುಂಡವೊಂದನ್ನು ಬೋರಲು ಹಾಕಿ ತಟ್ಟಿದರೆ ಮೇಲ್ಭಾಗದ ತುಂಡುಗಳು ಬಿಡಿಬಿಡಿಯಾಗಿ ಉದುರುತ್ತವೆ. ತಳದ ಮೂರು ಬೆರಳಿನಷ್ಟು ಭಾಗ ಕಪ್ಪು ಮುದ್ದೆಯಾಗಿ, ಹಳೆ ಚರಂಡಿಯ ವಾಸನೆಯೊಂದಿಗೆ ಈಚೆ ಬರುತ್ತದೆ. ಅದರೊಳಗೆ ಹೊಕ್ಕ ಬೇರುಗಳ ಸಿಪ್ಪೆ ಬೆರಳಿಗೆ ಕಳಚಿಬಂದು ಒಳದಾರ ಮಾತ್ರ ಉಳಿಯುತ್ತದೆ. ಕುಂಡದ ಗೋಡೆಗೆ ಅಂಟಿಕೊಂಡ, ಗಾಳಿ ಸಿಕ್ಕ ಬೇರುಗಳು ಅದೇ ಗಿಡದಲ್ಲಿ ಗಟ್ಟಿಯಾಗಿ ಬೆಳ್ಳಗಿರುತ್ತವೆ.

ಇದ್ದಿಲು ಕೊಳೆಯುವುದಿಲ್ಲ, ಹಗುರ, ಮೈತುಂಬ ಸಣ್ಣ ರಂಧ್ರ. ಇಸ್ತ್ರಿ ಅಂಗಡಿಗೆ ಬರುವ ಬಳ್ಳಾರಿ ಜಾಲಿಯ ಗಟ್ಟಿ ಇದ್ದಿಲೇ ಆಗಬಹುದು; ಪುಡಿಯನ್ನು ಅಂಟಿನಲ್ಲಿ ಕಲಸಿ ಅಚ್ಚೊತ್ತಿದ ಉಂಡೆಗಳು ಆಗುವುದಿಲ್ಲ. ಮಸಿ ಮತ್ತು ಬೂದಿ ಹೋಗುವವರೆಗೆ ತೊಳೆಯಬೇಕು, ಏಕೆಂದರೆ ಬೂದಿ ಕ್ಷಾರ. ಇದ್ದಿಲು ಕುಂಡದ ವಿಷವನ್ನೆಲ್ಲ ಹೀರಿ ಶುದ್ಧಿಮಾಡುತ್ತದೆ ಎಂಬ ಹೊಗಳಿಕೆ ಸ್ವಲ್ಪ ಅತಿಯಾಯಿತು. ಆ ಶಕ್ತಿ ವಿಶೇಷವಾಗಿ ಸಂಸ್ಕರಿಸಿದ ಇದ್ದಿಲಿನದು. ಒಲೆಯ ಇದ್ದಿಲು ನೀರಿನ ಲವಣಗಳನ್ನು ತನ್ನ ರಂಧ್ರಗಳಲ್ಲಿ ಕೂಡಿಸಿಟ್ಟುಕೊಳ್ಳುತ್ತದೆ, ಗಡಸು ನೀರಿನ ಊರಲ್ಲಿ ಕ್ರಮೇಣ ಅದನ್ನೇ ಬೇರಿಗೆ ವಾಪಸು ಕೊಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಇಟ್ಟಿಗೆ ಮತ್ತು ಹೆಂಚಿನ ಚೂರು ಭಾರ, ಅದೇ ಒಂದು ಉಪಯೋಗವೂ ಹೌದು: ಉದ್ದ ಕಾಂಡದ ಡೆಂಡ್ರೋಬಿಯಂ ಗಾಳಿಗೆ ಉರುಳದಂತೆ ಹಿಡಿಯುತ್ತದೆ. ಚೆನ್ನಾಗಿ ಬೆಂದ ಇಟ್ಟಿಗೆ ನೀರನ್ನು ಒಳಗೆ ಎಳೆದುಕೊಂಡು ಮೆಲ್ಲಗೆ ಬಿಡುತ್ತದೆ; ಅರೆಬೆಂದದ್ದು ವರ್ಷದೊಳಗೆ ಕರಗಿ ಕೆಸರಾಗುತ್ತದೆ. ಕೆಡವಿದ ಗೋಡೆಯ ಇಟ್ಟಿಗೆಯಾದರೆ ಗಾರೆ, ಸಿಮೆಂಟು ಅಂಟಿದ ಚೂರುಗಳನ್ನು ಆರಿಸಿ ತೆಗೆಯಬೇಕು. ಅದರಲ್ಲಿನ ಸುಣ್ಣ ಆರ್ಕಿಡ್ ಬಯಸುವ ತುಸು ಹುಳಿ ಗುಣವನ್ನು, ಅಂದರೆ 5.5ರಿಂದ 6.5ರ ಪಿಎಚ್ ಮಟ್ಟವನ್ನು, ಕೆಡಿಸುತ್ತದೆ. ಚಾಮರಾಜನಗರ ಜಿಲ್ಲೆಯಲ್ಲಿ ಕರಿಕಲ್ಲಿನ ಜಲ್ಲಿಗೆ ಬರವಿಲ್ಲ, ಆದರೆ ಅದು ನೀರು ಹೀರುವುದಿಲ್ಲ, ಬಿಸಿಲಿಗೆ ಕಾಯುತ್ತದೆ. ಹಿಪ್ಪುನೇರಳೆ ಕಡ್ಡಿ ರೇಷ್ಮೆ ಸಾಕುವ ಮನೆಗಳಲ್ಲಿ ಹೊರೆಗಟ್ಟಲೆ ಉಳಿಯುತ್ತದೆ. ಎಳೆಯ ಕಡ್ಡಿಯಾದ್ದರಿಂದ ಕುಂಡದಲ್ಲಿ ಬಾಳುವುದಿಲ್ಲ.

ಹೊರಗಿನಿಂದ ಬರುವ ವಸ್ತುಗಳಲ್ಲಿ ಪೈನ್ ತೊಗಟೆ ಮತ್ತು ಸ್ಫ್ಯಾಗ್ನಮ್ ಪಾಚಿ ಮುಖ್ಯ. ತೊಗಟೆ ಮೊದಲಿಗೆ ನೀರನ್ನು ಒಲ್ಲದು; ಒಂದು ರಾತ್ರಿ ನೆನೆಸಿಯೇ ಬಳಸಬೇಕು. ಕೊಳೆಯತೊಡಗಿದಾಗ ಅದರಲ್ಲಿನ ಸೂಕ್ಷ್ಮಜೀವಿಗಳು ಗೊಬ್ಬರದ ಸಾರಜನಕವನ್ನು ಗಿಡಕ್ಕಿಂತ ಮೊದಲು ತಿಂದುಬಿಡುತ್ತವೆ, ಎಲೆ ಹಳದಿಯಾಗುತ್ತದೆ. ಸ್ಫ್ಯಾಗ್ನಮ್ ತನ್ನ ಒಣ ತೂಕದ ಹದಿನೈದು ಇಪ್ಪತ್ತು ಪಟ್ಟು ನೀರು ಹಿಡಿಯುತ್ತದೆ. ಬೇರು ಕಳೆದುಕೊಂಡ ಗಿಡವನ್ನು ಬದುಕಿಸಲು, ಬಾಟಲಿಯಿಂದ ಹೊರಬಂದ ಸಸಿಗಳಿಗೆ ಇದರಷ್ಟು ಒಳ್ಳೆಯದು ಬೇರೊಂದಿಲ್ಲ. ಅಂಗಡಿಯಲ್ಲಿ ಕೊಳ್ಳುವ ಫೆಲನಾಪ್ಸಿಸ್ ಗಿಡ ಹೆಚ್ಚಾಗಿ ಪ್ಲಾಸ್ಟಿಕ್ ಲೋಟದಲ್ಲಿ ಬಿಗಿಯಾಗಿ ತುರುಕಿದ ಈ ಪಾಚಿಯಲ್ಲೇ ಬರುತ್ತದೆ. ನರ್ಸರಿಯ ಅಳತೆಯ ನೀರಿಗೆ ಅದು ಸರಿ. ಮನೆಗೆ ಬಂದ ಮೇಲೆ ಮೇಲ್ಮೈ ಒಣಗಿ ನಡುಗಡ್ಡೆ ಒದ್ದೆಯಾಗಿಯೇ ಉಳಿಯುವುದರಿಂದ, ಹೂ ಮುಗಿದ ಕೂಡಲೇ ಬಿಚ್ಚಿ ಬೇರೆ ಮಾಧ್ಯಮಕ್ಕೆ ಬದಲಿಸುವುದು ಮೇಲು. ಬೆಟ್ಟದ ಮರಗಳಿಂದ ಕಿತ್ತ ಸಾಧಾರಣ ಪಾಚಿ ಸ್ಫ್ಯಾಗ್ನಮ್ ಅಲ್ಲ. ಕೆಲವೇ ತಿಂಗಳಲ್ಲಿ ಕೊಳೆಯುತ್ತದೆ. ವನ್ಯಧಾಮದೊಳಗಿಂದ ಗಿಡವನ್ನಾಗಲಿ ಪಾಚಿಯನ್ನಾಗಲಿ ಅನುಮತಿಯಿಲ್ಲದೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೆಯ ಕಲಮಿನಡಿ ಅಪರಾಧ ಕೂಡ. ಮರಜರೀಗಿಡದ ನಾರನ್ನೂ ಬಿಡಬೇಕು. ಮಾಧ್ಯಮವಾಗಿ ಅದು ಸೊಗಸು. ಆದರೆ ಆಳೆತ್ತರವಾಗಲು ದಶಕಗಳನ್ನು ತೆಗೆದುಕೊಳ್ಳುವ ಸಸ್ಯವನ್ನು ಕಡಿದು ತಂದದ್ದು. ಸಯತಿಯ ಕುಲದ ಮರಜರೀಗಿಡಗಳ ವ್ಯಾಪಾರ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಪರ್ಲೈಟ್, ಸುಟ್ಟ ಜೇಡಿಯ ಗುಂಡುಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ; ಹೆಂಚಿನ ಚೂರು ಸಿಗುವ ಊರಲ್ಲಿ ದುಡ್ಡು ಕೊಟ್ಟು ತರಿಸುವ ಅಗತ್ಯ ಕಾಣುವುದಿಲ್ಲ.

ಇಷ್ಟರ ನಡುವೆ ಆರಿಸುವಾಗ ಮೊದಲು ನೋಡಬೇಕಾದದ್ದು ಬೇರಿನ ದಪ್ಪ. ಸೀತೆದಂಡೆ, ವಾಂಡ, ಏರಿಡಿಸ್‌ಗಳ ದಪ್ಪ ಬೇರಿಗೆ ಕುಂಡವೇ ಬೇಡ. ಮಾವು, ಹಲಸು, ಕಾಫಿಯ ಒರಟು ತೊಗಟೆಯ ಒಣ ತುಂಡಿಗೆ ಕಟ್ಟಬಹುದು, ಇಲ್ಲವೇ ಮರದ ಪಟ್ಟಿಯ ಬುಟ್ಟಿಯಲ್ಲಿ ನಾಲ್ಕು ಇದ್ದಿಲಿನೊಂದಿಗೆ ತೂಗುಹಾಕಬಹುದು. ಸೀಬೆ, ನೀಲಗಿರಿ ಮರಗಳು ತೊಗಟೆ ಕಳಚುವುದರಿಂದ ಆಗುವುದಿಲ್ಲ. ಬೆಟ್ಟದ ಮೇಲೆ ಮಂಜು ದಿನಾ ಬೆಳಿಗ್ಗೆ ಮಾಡುವ ಕೆಲಸವನ್ನು ಬಯಲಿನಲ್ಲಿ ಮಾರ್ಚ್–ಏಪ್ರಿಲ್ ತಿಂಗಳಲ್ಲಿ ದಿನಕ್ಕೆರಡು ಸಲ ಬೆಳೆಗಾರನೇ ಮಾಡಬೇಕು. ಅದಕ್ಕೆ ಪುರುಸೊತ್ತಿಲ್ಲದ ಮನೆಯಲ್ಲಿ ತುಂಡಿನ ಮತ್ತು ಗಿಡದ ನಡುವೆ ಒಂದು ಹಿಡಿ ತೆಂಗಿನ ನಾರು ಸೇರಿಸಿ ಕಟ್ಟುವುದು ವಾಸಿ. ಡೆಂಡ್ರೋಬಿಯಂಗಳಿಗೆ ಬೇರು ಸಣ್ಣ, ಆದರೆ ನೀರು ಕೂಡಿಡುವ ಕಬ್ಬಿನಂಥ ಕಾಂಡವಿದೆ. ಇವು ಬಿಗಿಯಾದ ಸಣ್ಣ ಕುಂಡದಲ್ಲಿ, ಇದ್ದಿಲು–ಇಟ್ಟಿಗೆ ಹೆಚ್ಚಾಗಿ ಮಟ್ಟೆ ಕಡಿಮೆಯಾಗಿ ಇರುವಾಗ ಸುಖವಾಗಿರುತ್ತವೆ. ಫೆಲನಾಪ್ಸಿಸ್‌ಗೆ ನೀರು ಕೂಡಿಡುವ ಕಾಂಡವಿಲ್ಲ. ಮಟ್ಟೆಯ ಪಾಲು ಅರ್ಧಕ್ಕೇರಬೇಕು. ದಕ್ಷಿಣದ ಕಾಡುಗಳ ಸಿಂಬಿಡಿಯಂ ಅಲೋಯಿಫೋಲಿಯಂ ಮರದ ಕವಲಿನಲ್ಲಿ ಕೂಡಿದ ಕೊಳೆತ ಮರದ ಪುಡಿಯಲ್ಲಿ ಬೇರುಬಿಡುವ ಗಿಡ. ಮಟ್ಟೆಯ ಜೊತೆ ಒಂದಿಷ್ಟು ಎಲೆಗೊಬ್ಬರವನ್ನೂ ಮೆಚ್ಚುತ್ತದೆ. ಹೂವಿನಂಗಡಿಯ ದೊಡ್ಡ ಸಿಂಬಿಡಿಯಂಗಳು ತಂಪು ರಾತ್ರಿಯ ನಾಡಿನವು, ಯಾವ ಮಾಧ್ಯಮವೂ ಅವನ್ನು ಮಾಂಬಳ್ಳಿಯಲ್ಲಿ ಹೂಬಿಡಿಸಲಾರದು. ಹ್ಯಾಬೆನೇರಿಯ, ಯೂಲೋಫಿಯ, ತೋಟಗಳ ಸ್ಪಾತೊಗ್ಲಾಟಿಸ್ ಇವು ನೆಲದ ಆರ್ಕಿಡ್‌ಗಳು. ಇವಕ್ಕೆ ಮಾತ್ರ ಮಣ್ಣು ಬೇಕು: ಕೆಂಪುಮಣ್ಣು, ದಪ್ಪ ಮರಳು, ಎಲೆಗೊಬ್ಬರ ಸಮಸಮ.

ಎರಡನೆಯದು ನೀರು. ಬಯಲಿನ ಕೊಳವೆಬಾವಿ ನೀರು ಗಡಸು. ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುವುದೇ ಸಾಕ್ಷಿ. ಲೀಟರಿಗೆ 200 ಮಿಲಿಗ್ರಾಂ ಒಳಗೆ ಲವಣವಿದ್ದರೆ ಚಿಂತೆಯಿಲ್ಲ, 500 ದಾಟಿದ ನೀರಿನಲ್ಲಿ ಪಾಚಿ ಮತ್ತು ಮಟ್ಟೆ ಬಹುಬೇಗ ಉಪ್ಪುಗಟ್ಟುತ್ತವೆ. ಅಂಥ ಕಡೆ ಮಾಧ್ಯಮ ದೊಡ್ಡ ಚೂರಿನದಾಗಿರಬೇಕು. ನೀರು ಹಾಕಿದಾಗಲೆಲ್ಲ ತಳದಿಂದ ಧಾರಾಳ ಹರಿದುಹೋಗುವಷ್ಟು ಹಾಕಬೇಕು. ಮೇ ಮತ್ತು ಅಕ್ಟೋಬರಿನ ಮಳೆನೀರನ್ನು ಮಾಡಿನಿಂದ ಡ್ರಮ್ಮಿಗೆ ಹಿಡಿದಿಟ್ಟರೆ ಬೇಸಿಗೆಯ ಕೆಲವು ವಾರಗಳಾದರೂ ಗಿಡಗಳಿಗೆ ಸಿಹಿನೀರು ಸಿಗುತ್ತದೆ. ಮಾಧ್ಯಮದಲ್ಲಿ ಸತ್ವವಿಲ್ಲದಿರುವುದರಿಂದ ಗೊಬ್ಬರವನ್ನೂ ನೀರಿನಲ್ಲೇ ಕೊಡಬೇಕು: 20-20-20ರಂಥ ಕರಗುವ ಗೊಬ್ಬರ ಲೀಟರಿಗೆ ಒಂದು ಗ್ರಾಂ ಮೀರದಂತೆ, ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ. ಸಗಣಿಗೊಬ್ಬರವನ್ನು ಕುಂಡಕ್ಕೆ ಹಾಕುವ ಅಭ್ಯಾಸ ಸಂದಿಗಳನ್ನು ಮುಚ್ಚುತ್ತದೆ.

ಮೂರನೆಯದು ಕುಂಡ ಮತ್ತು ಇಟ್ಟ ಜಾಗ. ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆರುತ್ತದೆ. ಅದೇ ಮಿಶ್ರಣ ಪ್ಲಾಸ್ಟಿಕ್ ಕುಂಡದಲ್ಲಿ ಹೆಚ್ಚು ದಿನ ಒದ್ದೆಯಾಗಿರುತ್ತದೆ. ಇವೆಲ್ಲದರ ಒಟ್ಟು ಫಲವನ್ನು ತಿಳಿಯುವ ದಾರಿ ಅಡುಗೆಮನೆಯ ತಕ್ಕಡಿ. ಒಂದೇ ಅಳತೆಯ ಮೂರು ಕುಂಡಗಳಿಗೆ ಮೂರು ಬಗೆಯ ಮಿಶ್ರಣ ತುಂಬಿ, ಗಿಡ ನೆಡದೆ, ನೀರು ಹೊಯ್ದು ಬಸಿದ ಮೇಲೆ ತೂಗಿ, ಗಿಡವಿಡುವ ಜಾಗದಲ್ಲೇ ಇಟ್ಟು ದಿನಾ ತೂಗುತ್ತ ಹೋಗಬೇಕು. ತೂಕ ಇಳಿಯುವುದು ನಿಂತ ದಿನ ಅದು ಒಣಗಿತೆಂದು ಅರ್ಥ. ಡೆಂಡ್ರೋಬಿಯಂಗೆ ಎರಡು ಮೂರು ದಿನದಲ್ಲಿ ಒಣಗುವುದು, ಫೆಲನಾಪ್ಸಿಸ್‌ಗೆ ನಾಲ್ಕೈದು ದಿನ ಹಿಡಿಯುವುದು ಹದ. ಬಯಲಿನ ಜಗಲಿಯಲ್ಲಿ ಇದ್ದಿಲು ಎರಡು ಪಾಲು, ಮಟ್ಟೆ ಎರಡು ಪಾಲು, ಹೆಂಚಿನ ಚೂರು ಒಂದು ಪಾಲಿನಿಂದ ಶುರುಮಾಡಿ, ತಕ್ಕಡಿ ಹೇಳಿದಂತೆ ಮಟ್ಟೆಯನ್ನು ಏರಿಸಬಹುದು ಇಳಿಸಬಹುದು. ಬೆಟ್ಟದ ಕಾಫಿ ತೋಟದ ಮನೆಯಲ್ಲಿ ಅದೇ ಗಿಡಕ್ಕೆ ಮಟ್ಟೆಯನ್ನು ಪೂರ್ತಿ ಬಿಟ್ಟರೂ ನಡೆದೀತು. ಚೂರಿನ ಗಾತ್ರ ಬಲಿತ ಗಿಡಕ್ಕೆ ಒಂದರಿಂದ ಎರಡೂವರೆ ಸೆಂಟಿಮೀಟರ್, ಸಸಿಗಳಿಗೆ ಅರ್ಧ ಸೆಂಟಿಮೀಟರ್. ತುಂಬುವ ಮೊದಲು ಜರಡಿ ಹಿಡಿದು ಪುಡಿ ತೆಗೆಯಲೇಬೇಕು. ದೊಡ್ಡ ಚೂರುಗಳ ಸಂದಿಯಲ್ಲಿ ಪುಡಿ ಕೂತರೆ ಜಾಗ್ರತೆಯಿಂದ ಆರಿಸಿದ್ದೆಲ್ಲ ವ್ಯರ್ಥ.

ಮಾಧ್ಯಮ ಬದಲಿಸುವ ಕಾಲವನ್ನು ಗಿಡವೇ ತೋರಿಸುತ್ತದೆ. ಬುಡದಲ್ಲಿ ಹಸಿರು ತುದಿಯ ಹೊಸ ಬೇರು ಅರ್ಧ ಅಂಗುಲ ಬರುವ ಹೊತ್ತು ಸರಿ, ಏಕೆಂದರೆ ಹೊಸ ಬೇರು ಹೊಸ ಮಾಧ್ಯಮಕ್ಕೆ ಹೊಂದಿಕೊಂಡೇ ಬೆಳೆಯುತ್ತದೆ. ಈ ಸೀಮೆಯಲ್ಲಿ ಅದು ಹೆಚ್ಚಾಗಿ ಮೇ ಮಳೆಯ ಹಿಂದುಮುಂದು, ಸೀತೆದಂಡೆಗೆ ಹೂ ಮುಗಿದ ಮೇಲೆ. ಸತ್ತ ಬೇರುಗಳನ್ನು ಬೆಂಕಿಯಲ್ಲಿ ಕಾಯಿಸಿದ ಕತ್ತರಿಯಿಂದ ತೆಗೆದು, ಗಾಯ ಒಣಗಲು ಬಿಟ್ಟು ಎರಡು ಮೂರು ದಿನ ನೀರು ಕೊಡದಿರುವುದು ರೂಢಿ. ಮಟ್ಟೆಯೊಳಗೆ ಸೇರುವ ಇರುವೆ, ಬಸವನಹುಳುಗಳಿಗೆ ಕೀಟನಾಶಕ ಸಿಂಪಡಿಸುವ ಮುಂಚೆ ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದೆಯೇ ಎಂದು ನೋಡಬೇಕು. ಔಷಧಿಯ ತುಂತುರು ತಾಗಿದ ಸೊಪ್ಪು ರೇಷ್ಮೆಹುಳುವನ್ನು ಕೊಲ್ಲುತ್ತದೆ. ಕುಂಡವನ್ನೇ ಒಂದು ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ಇರುವೆಗಳು ಹೊರಡುತ್ತವೆ. ಬಸವನಹುಳುವನ್ನು ಸಂಜೆ ಟಾರ್ಚು ಹಿಡಿದು ಹೆಕ್ಕಿ ತೆಗೆಯಬಹುದು. ಕುಂಡದಿಂದ ತೆಗೆದ ಹಳೆ ಇದ್ದಿಲು ಉಪ್ಪುಗಟ್ಟಿರದಿದ್ದರೆ ಅದನ್ನೂ ಹೆಂಚಿನ ಚೂರನ್ನೂ ಕುದಿಸಿ ಒಣಗಿಸಿ ಮತ್ತೆ ಬಳಸಬಹುದು. ಕೊಳೆತ ಮಟ್ಟೆಯನ್ನು ಇನ್ನೊಂದು ಆರ್ಕಿಡ್‌ಗೆ ಹಾಕಬಾರದು. ತೆಂಗಿನ ಮರದ ಪಾತಿಗೆ ಮುಚ್ಚಿಗೆಯಾಗಿ ಹರಡಬಹುದು.